ಹನ್ನೊಂದು ಸಾವಿರದ ಜೋಡಿ

ಪುಕ್ಕಟೆ ಮನೆ ತೋರಿಸುವುದನ್ನು ನಾನು ಈ ಯುಗಾದಿಯಿಂದ ನಿಲ್ಲಿಸಿದ್ದೇನೆ. ಹದಿನಾಲ್ಕು ವರ್ಷ ನನ್ನ ಪೆಟ್ರೋಲು ಸುಟ್ಟು ಗಿರಾಕಿಗಳನ್ನು ಜಯಸಿಂಗಪುರದ ಗಲ್ಲಿ ಗಲ್ಲಿ ತಿರುಗಿಸಿದೆ. ಅವರು ನನ್ನ ಚಹಾ ಕುಡಿದು, ವಿಚಾರ ಮಾಡ್ತೀವ್ರಿ ಅಂತ ಹೋಗಿ, ಮರುದಿನವೇ ಮಾಲೀಕನ ಜೊತೆ ನೇರವಾಗಿ ವ್ಯವಹಾರ ಮುಗಿಸುತ್ತಿದ್ದರು. (ಗೃಹಪ್ರವೇಶದ ಊಟಕ್ಕೆ ಮಾತ್ರ ಮರೆಯದೆ ಕರೆಯುತ್ತಿದ್ದರು.) ವಕೀಲರು ಕೇಸು ಸೋಲುವ ಮೊದಲೇ ಫೀ ತಗೊಳ್ಳುತ್ತಾರೆ. ನಾನೇನು ಪಾಪ ಮಾಡಿದ್ದೆ? ಆಫೀಸಿನ ಬೋರ್ಡಿನ ಮೇಲಿದ್ದ ‘ಏಜೆಂಟ’ ಅಳಿಸಿ ‘ಗೃಹ ಸಲಹೆಗಾರ’ ಅಂತ ಬರೆಸಿದೆ. ಕೆಳಗೆ: ಮುಂಗಡ ಹನ್ನೊಂದು ಸಾವಿರ, ಮನೆ ಸಿಗಲಿ ಬಿಡಲಿ ವಾಪಸಿಲ್ಲ.

ನನ್ನ ಹೆಂಡತಿ ಶುಭಾಂಗಿ ಬೋರ್ಡನ್ನು ಎರಡು ಸಲ ಓದಿದಳು.

"ನಿಮ್ಮ ಮಾರಿ ನೋಡಿ ಹನ್ನೊಂದ ರೂಪಾಯಿ ಕೊಡೋರು ಯಾರದಾರ್ರಿ?" ಅಂದಳು. (ಪ್ರೋತ್ಸಾಹ ಅವಳ ಹುಟ್ಟುಗುಣ.)

ಆದರೆ ಕೊಡುವವರು ಬಂದರು. ಅಕಿವಾಟದ ಕಾಕಾಸಾಹೇಬರು, ಹನ್ನೆರಡು ಎಕರೆ ಕಬ್ಬಿನ ಒಡೆಯರು. ಮಗಳ ಕಾಲೇಜಿಗೆ ಅನುಕೂಲವಾಗಲೆಂದು ಇಲ್ಲೊಂದು ಮನೆ ಕೊಳ್ಳಬೇಕಿತ್ತು. ಬೋರ್ಡು ಓದಿ, ಹನ್ನೊಂದು ಸಾವಿರ ಎಣಿಸಿ ಮೇಜಿನ ಮೇಲಿಟ್ಟರು. ಆ ದುಡ್ಡಿನಲ್ಲಿ ನಾನು ಆಫೀಸಿಗೆ ಗಾಜಿನ ಬಾಗಿಲು ಹಾಕಿಸಿದೆ. ಸಲಹೆಗಾರನ ಘನತೆಗೆ ಅಷ್ಟಾದರೂ ಬೇಡವೇ?

ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಅವರು ತಮ್ಮ ಹೆಂಡತಿಯೊಡನೆ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿದರು. ಒಬ್ಬನೇ ಹೊರಬಂದ ನನ್ನನ್ನು ನೋಡಿ ಅವರ ಹುಬ್ಬು ಮೇಲೇರಿತು.

"ವೈನಿ ಎಲ್ಲಿ ಅದಾರ್ರಿ?" (ವೈನಿ ಎಂದರೆ ಅತ್ತಿಗೆ, ಅಂದರೆ ನನ್ನ ಹೆಂಡತಿ.)

"ಅಕೀದೇನ ಕೆಲಸ್ರಿ ಇದರಾಗ?"

"ಉಚಲ ಕೊಟ್ಟೇನಲ್ರಿ. ಜೋಡಿ ಬರಬೇಕ."

ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಕಬ್ಬು ಕಡಿಯಲು ಬರುವವರಿಗೆ ಹಂಗಾಮಿನ ಮೊದಲೇ ಕೊಡುವ ಮುಂಗಡಕ್ಕೆ ಉಚಲ ಎನ್ನುತ್ತಾರೆ. ಅದರ ಲೆಕ್ಕ ಆಳಿನ ಮೇಲಲ್ಲ, ಕೊಯ್ತಾದ ಮೇಲೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಒಂದು ಕೊಯ್ತಾ ಎಂದರೆ ಗಂಡ ಹೆಂಡತಿ ಇಬ್ಬರೂ. ಕಾಕಾಸಾಹೇಬರು ಹುಟ್ಟಿದಾಗಿನಿಂದ ಕಂಡ ಮುಂಗಡ ಅದೊಂದೇ. ನಾನು ವೃತ್ತಿ, ಶುಲ್ಕ, ಪರಾಮರ್ಶೆ ಅಂತ ಹದಿನೈದು ನಿಮಿಷ ಭಾಷಣ ಬಿಗಿದೆ. ಅವರು ಶಾಂತವಾಗಿ ಕೇಳಿ, ಅರ್ಧ ಕೊಯ್ತಾ ತಮಗೆ ಬೇಡ, ರೊಕ್ಕ ತಿರುಗಿ ಕೊಡ್ರಿ ಎಂದರು. ರೊಕ್ಕ ಎಲ್ಲಿತ್ತು? ಆ ಗಾಜಿನ ಬಾಗಿಲಲ್ಲೀಗ ನನ್ನ ಮುಖ ಕಾಣುತ್ತಿತ್ತು.

ಮುಂಗಡ ನುಂಗಿದವನೆಂಬ ಹೆಸರು ಶಿರೋಳ ತಾಲೂಕಿನ ತುಂಬ ಹಬ್ಬಿದರೆ ನನ್ನ ಧಂದೆ ಅಂದಿಗೇ ಮುಗಿದಂತೆ. ನಿಜವಾಗಿಯೂ ಹೆದರಿದೆ. ಒಳಗೆ ಹೋಗಿ ಶುಭಾಂಗಿಗೆ ಕೈಮುಗಿದೆ. ಅವಳು ಹೊಟ್ಟೆ ತುಂಬ ನಕ್ಕು, ಸೀರೆ ಬದಲಿಸಿ ಬಂದಳು. ಬಾಯಿ ಬಿಡಬೇಡ, ಸುಮ್ಮನೆ ನಿಲ್ಲು ಸಾಕು ಎಂದು ಬುದ್ಧಿ ಹೇಳಿ ಕರೆದೊಯ್ದೆ.

ಮೊದಲ ಮನೆಯಲ್ಲಿ ನಾನು ಪೂರ್ವದ ಬಾಗಿಲನ್ನೂ ಮುಂದಿನ ಹತ್ತು ವರ್ಷದ ಬೆಲೆಯನ್ನೂ ವರ್ಣಿಸುತ್ತಿದ್ದಾಗ ಅಡುಗೆಮನೆಯಿಂದ ನನ್ನ ಧರ್ಮಪತ್ನಿಯ ದನಿ ಕೇಳಿತು.

"ಅಕ್ಕಾರ, ಇದ ಬ್ಯಾಡ್ರಿ. ನೀರ ಅರ್ಧಾ ತಾಸ ಅಷ್ಟ ಬರತಾವಂತ, ಬಾಜೂ ಮನ್ಯಾಕಿನ್ನ ಕೇಳಿ ಬಂದೇನಿ."

ಎರಡನೆಯ ಮನೆಯ ಮಾಳಿಗೆಯಲ್ಲಿ ಹಪ್ಪಳ ಒಣಗಿಸುವಷ್ಟೂ ಬಿಸಿಲಿಲ್ಲ ಅಂದಳು. ಮೂರನೆಯದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಬಸದಿಯಲ್ಲಿ ಅವಳ ಪಕ್ಕ ಕೂರುವ ಗೆಳತಿಯ ಮನೆ ಅದು. ಸೂರ್ಯ ಮುಳುಗುವುದರೊಳಗೆ ನಮ್ಮ ಜೈನರ ಊಟ ಮುಗಿಯಬೇಕಲ್ಲ, ಅದಕ್ಕೂ ಮೊದಲೇ ವ್ಯವಹಾರ ಮುಗಿದಿತ್ತು. ಹದಿನಾಲ್ಕು ವರ್ಷದಲ್ಲಿ ನಾನು ಒಂದೇ ದಿನಕ್ಕೆ ಮನೆ ಕುದುರಿಸಿದ್ದು ಅದೇ ಮೊದಲು. (ಕುದುರಿಸಿದ್ದು ನಾನೇ. ಬೋರ್ಡಿನ ಮೇಲೆ ಇರುವುದು ನನ್ನ ಹೆಸರು.)

ತಿಂಗಳ ನಂತರ ಕಾಕಾಸಾಹೇಬರು ಮತ್ತೆ ಬಂದರು. ಊಟದ ಡಬ್ಬಿ ತಂದಿದ್ದ ಶುಭಾಂಗಿಯೂ ಆಫೀಸಿನಲ್ಲಿದ್ದಳು. ಅವರು ಕಿಸೆಯಿಂದ ನೋಟಿನ ಕಟ್ಟು ತೆಗೆದರು. ನಾನು ಗಂಭೀರವಾಗಿ ಕೈ ಚಾಚಿದೆ. ಕಟ್ಟು ನನ್ನ ಕೈ ದಾಟಿ ಅವಳ ಕೈ ಸೇರಿತು.

"ನಮ್ಮ ತಂಗೀಗೆ ಗಡಹಿಂಗ್ಲಜದಾಗ ಮನಿ ನೋಡಬೇಕ್ರಿ ವೈನಿ. ಇವರು ಬರದಿದ್ರೂ ನಡೀತದ."

ಶುಭಾಂಗಿ ನನ್ನನ್ನು ಒಂದು ಗಳಿಗೆ ನೋಡಿದಳು. ಅವಳ ಮುಖದಲ್ಲಿ ನಿಜವಾದ ಕರುಣೆಯಿತ್ತು.

"ಬರಲಿ ಬಿಡ್ರಿ ಕಾಕಾ," ಅಂದಳು. "ಇಲ್ಲೊಬ್ಬರ ಕುಂತು ಏನ ಮಾಡತಾರ?"