ಕಂಪನಿ ಸ್ಪೀಡಿಗೆ ಒಪ್ಪದ ಕಾಕಾ

ಜಗತ್ತಿನಲ್ಲಿರುವ ಯಂತ್ರಗಳೆಲ್ಲ ಹುಟ್ಟಾ ಮೈಗಳ್ಳರು ಎಂದು ನಂಬಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಗುಡಗೇರಿಯ ಅವನ ಮನೆಗೆ ಒಮ್ಮೆ ಹೋಗಿ ಬನ್ನಿ, ಫ್ಯಾನಿಗೆ ರೆಗ್ಯುಲೇಟರೇ ಇರುವುದಿಲ್ಲ. "ಒಂದು, ಎರಡು, ಮೂರು ಅಂತ ತಿರುವಿಕೋತ ಕೂಡೂದ ಯಾಕ? ತಿರಗಾಕ ಹುಟ್ಟೇತಿ, ತಿರಗಲಿ!" ಎಂದು ಅದನ್ನು ಕಿತ್ತು ಒಗೆದಿದ್ದಾನೆ. ಆ ಗಾಳಿಗೆ ಗೋಡೆಯ ಕ್ಯಾಲೆಂಡರು ಹಾರಿ ಹೋಗಿ ಬಾಜು ಮನೆಯ ಹಿತ್ತಲಲ್ಲಿ ಸಿಕ್ಕಿದೆ. ಮಿಕ್ಸರಿನ ವೇಗ ಏರಿಸಲು ಹೋಗಿ ಶೇಂಗಾ ಚಟ್ನಿ ಅಟ್ಟಕ್ಕೆ ಹತ್ತಿತ್ತು. ಈಗಲೂ ತಲೆ ಎತ್ತಿ ನೋಡಿದರೆ ಅದರ ಗುರುತು ಕಾಣುತ್ತದೆ.

ಗೋಡೆ ಗಡಿಯಾರವನ್ನೂ ಬಿಟ್ಟವನಲ್ಲ. ಅದನ್ನು ಯಾವಾಗಲೂ ಮುಂದೆ ಇಟ್ಟು, ತಾನೇ ಮುಂದೆ ಇಟ್ಟಿದ್ದನ್ನು ಮರೆತು, ಸ್ಟೇಶನ್ನಿಗೆ ಓಡುತ್ತಾನೆ. ಹೋಗಿ ಗಾಡಿ ಇನ್ನೂ ಬಂದಿಲ್ಲವೆಂದು ಜಗಳ ತೆಗೆಯುತ್ತಾನೆ. "ಸರ್, ಗಾಡಿ ಟೈಮಿಗೇ ಐತ್ರಿ, ನೀವ ಲಗೂ ಬಂದೀರಿ" ಎಂದು ಅಲ್ಲಿಯವರು ಎಷ್ಟು ಸಲ ಹೇಳಿದ್ದಾರೋ! ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರನಾಗಿದ್ದ ಅಷ್ಟೂ ವರ್ಷ ಗಂಟೆ ಬಾರಿಸುವವನಿಗಿಂತ ಮೊದಲು ಶಾಲೆ ಮುಟ್ಟಿದವನು ಅವನೊಬ್ಬನೇ.

ನಮ್ಮ ಧಾರವಾಡ ಸೀಮೆಯಲ್ಲಿ "ಸಾವಕಾಶ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಬಂದವರಿಗೆ ಸಾವಕಾಶ ಕೂಡ್ರಿ, ಉಣ್ಣುವವರಿಗೆ ಸಾವಕಾಶ ಉಣ್ರಿ, ಹೊರಟವರಿಗೆ ಸಾವಕಾಶ ಹೋಗ್ರಿ. ಕಾಕಾನ ಬಾಯಿಂದ ಮಾತ್ರ ಆ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇಂಥವನ ಮನೆಯಲ್ಲಿ ಒಂದು ದಿನ ಎಲ್ಲವೂ ನಿಂತುಬಿಟ್ಟಿತು. ಕಾಕಿಗೆ ಲಕ್ವಾ ಹೊಡೆಯಿತು. ಜೀವಕ್ಕೆ ಏನೂ ಆಗಲಿಲ್ಲ, ಮಾತೂ ಉಳಿಯಿತು. ಮಾತು ಉಳಿದದ್ದು ಕಾಕಾನಿಗೆ ಎಷ್ಟು ಅನುಕೂಲವಾಯಿತೋ ಅದು ಬೇರೆ ವಿಷಯ! ಆದರೆ ಬಲಗೈ ಜೋತು ಬಿತ್ತು. ಒಲೆಯ ಮುಂದೆ ಕೂತು ರಾಶಿಗಟ್ಟಲೆ ರೊಟ್ಟಿ ಬಡಿಯುತ್ತಿದ್ದವಳ ಮನೆಗೆ ಹಿಂದಿನ ಓಣಿಯಿಂದ ರೊಟ್ಟಿ ತರಿಸುವ ಹಾಗಾಯಿತು. ಹುಬ್ಬಳ್ಳಿಯ ವ್ಯಾಯಾಮದ ಡಾಕ್ಟರು, "ದಿನಾ ಗಾಲಿ ತಿರುವಿದಂಗ ಕೈ ತಿರುವ್ರಿ ಅಮ್ಮಾರ, ಬಿಡಬ್ಯಾಡ್ರಿ, ಬಿಟ್ರ ಕೈ ಹಂಗ ಉಳೀತೈತಿ" ಎಂದರು. ಕಾಕಿ ಕೇಳುವವಳೇ?

"ಖಾಲಿ ಕೈ ತಿರುವಿಕೋತ ಕೂಡಾಕ ನನಗೇನ ಹುಚ್ಚ ಹಿಡದೈತೇನ? ಮಂದಿ ಏನಂದಾರು!"

ಇದು ನಮ್ಮ ಕಡೆಯ ಹೆಂಗಸರ ರೋಗ. ಕೈಯಲ್ಲಿ ಹಿಟ್ಟೋ ಕುಡಗೋಲೋ ಕಸಬರಿಗೆಯೋ ಇಲ್ಲದೆ ಕೈ ಆಡಿಸುವುದೆಂದರೆ ಅವರಿಗೆ ಮರ್ಯಾದೆ ಹೋದ ಹಾಗೆ. ಕಾಕಾ ಬೇಡಿಕೊಂಡ, ಬೈದ, ಹಿಂದಿಯಲ್ಲೂ ಬೈದ. ಕಾಕಿ ಜಗ್ಗಲಿಲ್ಲ.

ಆಗ ಅವನಿಗೆ ನೆನಪಾದದ್ದು ಟ್ರಾಕ್ಟರು. ಕಾಕಿ ತಮ್ಮ ಎರಿಹೊಲದ ಕರಿಮಣ್ಣನ್ನು ಅಂಗೈಯ ಹಾಗೆ ಬಲ್ಲವಳು. ಕಳೆ ತೆಗೆದಿದ್ದಾಳೆ, ಬುತ್ತಿ ಹೊತ್ತಿದ್ದಾಳೆ, ಟ್ರಾಕ್ಟರಿನ ಹಿಂದೆ ಹಿಂದೆ ನಡೆದಿದ್ದಾಳೆ. ಸೀಟಿನ ಮೇಲೆ ಮಾತ್ರ ಅವಳನ್ನು ಯಾರೂ ಕೂಡ್ರಿಸಿರಲಿಲ್ಲ. "ಒಮ್ಮೆರೆ ಹೊಡದ ನೋಡಬೇಕಿತ್ತು" ಎಂದು ಯಾವಾಗಲೋ ಅಂದದ್ದನ್ನು ಈ ಅವಸರದ ಮನುಷ್ಯ ನೆನಪಿಟ್ಟುಕೊಂಡಿದ್ದ ನೋಡಿ! ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನವರ ಹತ್ತಿರ ಒಂದು ಹಳೆಯ, ಕಡಿಮೆ ದರ್ಜೆಯ ಕಂಪ್ಯೂಟರು ಹಿಡಿದ. ಅದಕ್ಕೆ ಆಟದ ಸ್ಟೀರಿಂಗು ಜೋಡಿಸಿದ. ಟ್ರಾಕ್ಟರ್ ಹೊಡೆದು ಹೊಲ ಉಳುವ ಒಂದು ಗೇಮು ಹಾಕಿಸಿ ಕಾಕಿಯ ಮುಂದೆ ಇಟ್ಟ.

ಕಾಕಿ ಮೊದಲು ನೋಡಿದ್ದು ಮಣ್ಣನ್ನು. "ಇದ್ಯಾ ಊರ ಹೊಲಾರಿ? ಮಣ್ಣ ಕೆಂಪೈತಿ. ಕಡ್ಲಿ ಬರೂದಿಲ್ಲಿದರಾಗ." ಆದರೂ ಸೋತ ಕೈಯನ್ನು ಎತ್ತಿ ಸ್ಟೀರಿಂಗಿನ ಮೇಲೆ ಇಟ್ಟಳು. ಆ ಭಾನುವಾರ ನಾನು ಅಲ್ಲಿಯೇ ಇದ್ದೆ. ಕೈ ತಿರುಗಿತು. ನಾವಿಬ್ಬರೂ ಪರದೆಗೆ ಬಾಗಿದೆವು. ಟ್ರಾಕ್ಟರು ಮಾತ್ರ ತಿರುಗಲಿಲ್ಲ. ಒಂದು ಆಕಳಿಕೆ ಮುಗಿಸಿದಂತೆ ತಡೆದು, ಆಮೇಲೆ ತಟಕ್ಕನೆ ತಿರುಗಿ ಬದುವಿಗೆ ಗುದ್ದಿತು. ಮತ್ತೆ ತಿರುವಿದಳು, ಮತ್ತೆ ಹಾಗೆಯೇ. ಕಾಕಿ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿಕೊಂಡಳು.

"ಟ್ರಾಕ್ಟರ ಬರೋಬರಿ ಐತ್ರಿ. ನನ್ನ ಕೈನ ಸತ್ತೈತಿ."

"ಅಲ್ಲಲೇ! ನಿನ್ನ ಕೈ ಮುಂದೈತಿ, ಈ ಮಶೀನ ಹಿಂದ ಬಿದ್ದೈತಿ!"

"ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ" ಎಂದು ಎದ್ದು ಹೋದಳು.

ಕಾಕಾನ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ನೋಡಿರಲಿಲ್ಲ. ನಾನು ಬುದ್ಧಿವಂತಳಂತೆ, "ಕಾಕಾ, ಹೊಸಾದೊಂದು ತಗೊಂಡ ಬಿಡು, ಮುಗೀತು" ಅಂದೆ. "ಹೊಸಾದ ತಂದ್ರ, ನನ್ನ ಕೈ ಸತ್ತೈತಿ ಅಂತ ಹೊಸಾದ ತಂದ್ರು ಅಂತಾಳವ್ವ ಆಕಿ. ಇದನ್ನ ಓಡಿಸಿ ತೋರಸಬೇಕು. ಮೈಗಳ್ಳ ಯಾರು ಅಂತ ಆಕಿಗೆ ತಿಳೀಬೇಕು" ಎಂದ. ಅಂದಿನಿಂದ ಶುರುವಾಯಿತು ಓವರ್‌ಕ್ಲಾಕಿಂಗ್.

ಹಾಗೆಂದರೆ ಏನು? ನನಗೂ ಗೊತ್ತಿರಲಿಲ್ಲ, ಕಾಕಾ ಪಾಠ ಮಾಡಿದ. ಕಂಪ್ಯೂಟರಿನ ತಲೆ ಅಂದರೆ ಪ್ರೊಸೆಸರು, ಒಂದು ಬಿಸ್ಕೀಟಿನಷ್ಟು ಚಿಪ್ಪು. ಒಂದು ಕ್ಷಣದಲ್ಲಿ ಕೋಟಿ ಕೋಟಿ ಸಲ ಅದರ ನಾಡಿ ಬಡಿಯುತ್ತದಂತೆ. ಕಂಪನಿಯವರು ಇಷ್ಟೇ ವೇಗ ಎಂದು ಗೊತ್ತು ಮಾಡಿ ಕಳಿಸಿರುತ್ತಾರೆ. ಆ ಗೆರೆ ದಾಟಿಸುವುದೇ ಓವರ್‌ಕ್ಲಾಕು. ವೇಗ ಏರಿಸಿದರೆ ವೋಲ್ಟೇಜು ಏರಿಸಬೇಕು, ವೋಲ್ಟೇಜು ಏರಿದರೆ ಚಿಪ್ಪು ಕಾಯುತ್ತದೆ, ಕಾದರೆ ಪರದೆ ನೀಲಿಯಾಗಿ ಕಂಪ್ಯೂಟರು ಮಕಾಡೆ ಬೀಳುತ್ತದೆ. "ಕಂಪನಿ ಸ್ಪೀಡು ಅಂದ್ರ ಅಂಜುಬುರುಕರ ಸ್ಪೀಡು!" ಎಂದು ಕಾಕಾ ಟೇಬಲ್ಲು ಗುದ್ದಿದ. ಇಷ್ಟು ವರ್ಷ ಅವನು ಮಿಕ್ಸರಿಗೆ ಹೇಳುತ್ತಿದ್ದುದನ್ನು ಜಗತ್ತಿನಲ್ಲಿ ಬೇರೆಯವರೂ ಹೇಳುತ್ತಾರೆಂದು ತಿಳಿದು ಅವನ ಕಣ್ಣುಗಳು ಹೊಳೆಯುತ್ತಿದ್ದವು.

ಕಲಿತದ್ದು ಉತ್ತರದ ಕಡೆಯ ಹುಡುಗರ ಹಿಂದಿ ವಿಡಿಯೋಗಳಿಂದ. ಕಲಿತ ಋಣಕ್ಕೆ ಕಾಮೆಂಟಿನಲ್ಲಿ ಅವರ ಹಿಂದಿ ತಿದ್ದಿದ. ಪಾಪ, ಅವರು ಏನಂದುಕೊಂಡರೋ!

ಇಲ್ಲಿ ಒಂದು ಮಜಾ ಇದೆ. ವೇಗ ಏರಿಸುವ ಈ ಕೆಲಸದಷ್ಟು ನಿಧಾನದ ಕೆಲಸ ಇನ್ನೊಂದಿಲ್ಲ. ಕೂದಲೆಳೆಯಷ್ಟು ಏರಿಸಬೇಕು, ತಾಸುಗಟ್ಟಲೆ ಪರೀಕ್ಷೆಗೆ ಹಚ್ಚಬೇಕು. ಬಿದ್ದರೆ ಒಂದು ಎಳೆ ಇಳಿಸಬೇಕು, ನಿಂತರೆ ಇನ್ನೊಂದು ಎಳೆ ಏರಿಸಬೇಕು. ಹಾಲು ಕಾಯುವ ತನಕ ನಿಲ್ಲಲಾರದವನು ಅದರ ಮುಂದೆ ಇಡೀ ಮಧ್ಯಾಹ್ನ ಕೂತ! ಕೂತದ್ದೇನು, ಪರೀಕ್ಷೆ ಅಂದ ಮೇಲೆ ಮಾಸ್ತರ ಸುಮ್ಮನಿದ್ದಾನೆಯೇ? ಬೆನ್ನ ಹಿಂದೆ ಕೈ ಕಟ್ಟಿಕೊಂಡು ಕಂಪ್ಯೂಟರಿನ ಎದುರು ಅಡ್ಡಾಡಿದ. ಪಕ್ಕದಲ್ಲಿ ನಕಲು ಹೊಡೆಯಲು ಇನ್ನೊಂದು ಕಂಪ್ಯೂಟರೂ ಇರಲಿಲ್ಲ. ನಾನು ನಗುತ್ತ ನೋಡುತ್ತಿದ್ದವಳು ನಗುವುದನ್ನು ಬಿಟ್ಟು ಬೆರಗಾಗಿ ಕೂತೆ.

ಕಂಪ್ಯೂಟರು ಕಾದು ಬಿಸಿಯಾಗುತ್ತಿತ್ತು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ದಪ್ಪ ಮಣ್ಣಿನ ಗೋಡೆಯ ದೇವರ ಕೋಣೆ. ಟ್ರಾಕ್ಟರು ಅಲ್ಲಿಗೆ ಹೋಯಿತು. ಸ್ನಾನ ಆಗದೆ ದೇವರ ಕೋಣೆಯ ಹೊಸ್ತಿಲು ದಾಟುವವಳಲ್ಲ ಕಾಕಿ. ಹೀಗಾಗಿ ಜಗತ್ತಿನಲ್ಲಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರಿಗೆ ಕೈ ಮುಗಿದು ಕಂಪ್ಯೂಟರ್ ಗೇಮು ಆಡುವವಳು ನಮ್ಮ ಕಾಕಿ ಒಬ್ಬಳೇ ಇರಬೇಕು. ಗಂಡ ಅಷ್ಟು ಒದ್ದಾಡುವುದನ್ನು ನೋಡಲಾರದೆ ಸ್ಟೀರಿಂಗು ಹಿಡಿಯಲು ಒಪ್ಪಿದ್ದಳು, ಅಷ್ಟೇ. ಕೈಯ ಮೇಲೆ ಅವಳಿಗೆ ನಂಬಿಕೆ ಬಂದಿರಲಿಲ್ಲ.

ಕೆಲವು ದಿನ ತಂಪಾಗಿ ಓಡಿದ್ದು ಮತ್ತೆ ಕಾಯತೊಡಗಿತು, ಬೀಳತೊಡಗಿತು. ಕಾಕಾ ವೋಲ್ಟೇಜು ತಿದ್ದಿದ, ಚಿಪ್ಪಿನ ಮೇಲಿನ ಪೇಸ್ಟು ಒರೆಸಿ ಹೊಸದು ಹಚ್ಚಿದ. ಕೊನೆಗೆ ಫ್ಯಾನು ಬಿಚ್ಚಿ ಬೆಳಕಿಗೆ ಹಿಡಿದ. ಅದರ ರೆಕ್ಕೆಗಳು, ಕೆಳಗಿನ ತಗಡಿನ ಸಂದಿಗಳು ಎಲ್ಲ ಬೆಳ್ಳಗೆ! ಪೂಜೆಯ ವಿಭೂತಿಯನ್ನು ದಿನವೂ ಒಳಗೆ ಎಳೆದುಕೊಂಡು ಅದು ಉಸಿರು ಕಟ್ಟಿಕೊಂಡಿತ್ತು.

"ನಿಮಗಿಂತ ಜಾಸ್ತಿ ವಿಭೂತಿ ಹಚ್ಚಿಕೊಂಡೈತಿ ನೋಡ್ರಿ" ಎಂದಳು ಕಾಕಿ. ಲಕ್ವಾ ಆದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು. ಕಾಕಾ ಸಿಟ್ಟು ಮಾಡುವುದನ್ನು ಮರೆತು ಫ್ಯಾನನ್ನು ಊದತೊಡಗಿದ.

ಕಂಪ್ಯೂಟರು ಪಡಸಾಲೆಗೆ ಬಂತು. ಅಲ್ಲಿಯೂ ಬೆಳಿಗ್ಗೆ ಕಾಕಿ ಎರಡು ಸಾಲು ಹೊಡೆಯುವಷ್ಟರಲ್ಲಿ ಪರದೆ ಕಪ್ಪು. ಮಧ್ಯಾಹ್ನ ಪರೀಕ್ಷೆಗೆ ಹಚ್ಚಿದರೆ ಗಟ್ಟಿಮುಟ್ಟಾಗಿ ಪಾಸು! ಬೀಳುವ ಪ್ರತಿ ಸಲ ಕಾಕಿ ಕೈ ಹಿಂದಕ್ಕೆ ಎಳೆದುಕೊಂಡು, "ನಾ ಏನರೆ ತಪ್ಪ ಮಾಡಿದ್ನೇನ್ರಿ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಕಾಕಾನನ್ನು ತಿಂದು ಹಾಕುತ್ತಿತ್ತು. ರ‍್ಯಾಮು ಬದಲಿಸಿ ನೋಡಿದ, ವೇಗ ಇಳಿಸಿ ನೋಡಿದ, ವೋಲ್ಟೇಜು ಒಂದೊಂದೇ ಎಳೆ ಏರಿಸಿದ. ಹಾಗೆ ತಲೆ ಕೆಡಿಸಿಕೊಂಡು ಕೂತಿದ್ದಾಗ ಒಂದು ದಿನ ಕಾಕಿ ಮೇಲಿನ ದೀಪ ಮಿಣುಕಿದ್ದು ನೋಡಿ, "ಗಿರಣಿ ಚಾಲೂ ಆತು" ಅಂದಳು. ಬೆಳಿಗ್ಗೆ ಮಾತ್ರ ಓಡುವ ಬಾಜು ಮನೆಯ ಹಿಟ್ಟಿನ ಗಿರಣಿ ಗರ್ ಎಂದಿತು, ಕಂಪ್ಯೂಟರು ಸತ್ತಿತು.

"ಅಲ್ರಿ, ನೀವು ಇದರ ಒಳಗಿನ ಕರೆಂಟ ತಿದ್ದಾಕತ್ತೀರಿ. ಹೊರಗಿಂದ ಬರಬೇಕಾದ್ದು ಬರೂದ ಬ್ಯಾಡೇನ?"

ಕಾಕಾ ಎದ್ದವನೇ ಫ್ರಿಜ್ಜಿನ ಸ್ಟೆಬಿಲೈಜರು ಕಿತ್ತು ತಂದು ಕಂಪ್ಯೂಟರಿಗೆ ಹಾಕಿದ. ಮರುದಿನ ಗಿರಣಿ ಗರ್ ಎಂದಿತು, ದೀಪ ಮಿಣುಕಿತು, ಟ್ರಾಕ್ಟರು ಮಾತ್ರ ನಿಲ್ಲದೆ ಓಡಿತು. ಕಾಕಿ ತಿರುವಿದ ಕಡೆಗೆ, ತಿರುವಿದ ಗಳಿಗೆಗೇ ತಿರುಗಿತು. ಅವಳು ಬಹಳ ಹೊತ್ತು ತಿರುವುತ್ತಲೇ ಇದ್ದಳಂತೆ. ಇದನ್ನು ಕಾಕಾ ಫೋನಿನಲ್ಲಿ ಎರಡೆರಡು ಸಲ ಹೇಳಿದ. ನಾನು ಹುಬ್ಬಳ್ಳಿಯ ಬಸ್ಸಿನಲ್ಲಿ ನಿಂತುಕೊಂಡು, ಎಲ್ಲರೆದುರು ಕಣ್ಣು ಒರೆಸಿಕೊಂಡೆ.

ಆಮೇಲೆ ಕೆಲವು ತಿಂಗಳು ನನಗೆ ಹೋಗಲಾಗಲಿಲ್ಲ. ಮೊನ್ನೆ ಹೋದರೆ ಮನೆಯ ಹೊರಗೇ ಕಾಕಿಯ ದನಿ ಕೇಳಿಸಿತು. ಯಾರನ್ನೋ ಬೈಯುತ್ತಿದ್ದಳು. ನೋಡಿದರೆ ಟ್ರಾಕ್ಟರನ್ನು! ಆದರೂ ಪರದೆಯ ಮೇಲೆ ಸಾಲುಗಳು ದಾರ ಹಿಡಿದು ಎಳೆದ ಹಾಗೆ ನೆಟ್ಟಗಿದ್ದವು. ಕಾಕಾ ನನ್ನನ್ನು ಕೂಡ್ರಲೂ ಬಿಡದೆ ಕಂಪ್ಯೂಟರಿನ ಮೈ ಮುಟ್ಟಿಸಿದ. "ನೋಡ, ಹೆಂಗ ತಂಪೈತಿ! ಇಷ್ಟು ಓಡಿಸೇನಿ, ಒಂಚೂರ ಜ್ವರ ಇಲ್ಲ. ಅಗದಿ ಕಲ್ಲಾಗಿ ನಿಂತೈತಿ." ನಾನು ಮುಟ್ಟಿ ಬೆರಗಾದೆ.

"ಕಲ್ಲಲ್ಲ, ಮಣ್ಣು" ಎಂದಳು ಕಾಕಿ. "ನಿಮ್ಮ ಮಶೀನ ಈಗೀಗ ಮೈಗಳ್ಳ ಆಗೇತ್ರಿ. ನಾ ತಿರುವಿದ ಮ್ಯಾಲ ತಿರಗತೈತಿ. ಅದಕ್ಕ ನಾನ ಒಂಚೂರ ಮೊದಲ ತಿರುವತೇನಿ. ಇಲ್ಲಾಂದ್ರ ಬದುವಿಗೆ ಹೋಗತೈತಿ." ಹಾಗೆಂದು ಸ್ಟೀರಿಂಗು ಬಿಟ್ಟು ಒಳಗೆ ಹೋದಳು.

ಕಾಕಾ ಅನುಮಾನದಿಂದ ಕಂಪ್ಯೂಟರು ಬಂದ್ ಮಾಡಿ ಚಾಲೂ ಮಾಡಿದ, ವೇಗ ಹೊಂದಿಸುವ ಪುಟ ತೆರೆದ. ಎಲ್ಲ ಕಂಪನಿ ಸ್ಪೀಡು! ಹಿಂದಿನ ತಿಂಗಳು ಊರಿನ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಗಿತ್ತಂತೆ. ಕಂಪ್ಯೂಟರಿನ ಒಳಗೆ ಲೆಕ್ಕ ನೆನಪಿಡುವ ಪುಟ್ಟ ಸೆಲ್ಲು ಅದೇ ಹೊತ್ತಿಗೆ ಸತ್ತು, ಕಾಕಾ ಕೂದಲೆಳೆ ಕೂದಲೆಳೆಯಾಗಿ ಏರಿಸಿದ್ದನ್ನೆಲ್ಲ ಅದು ಮರೆತುಬಿಟ್ಟಿತ್ತು. ತಂಪಾಗಿರದೆ ಇನ್ನೇನು? ಅಷ್ಟು ದಿನದಿಂದ ಕಾಕಿ ಹೊಡೆಯುತ್ತಿದ್ದುದು ಮೊದಲ ದಿನ ಬದುವಿಗೆ ಗುದ್ದಿದ ಅದೇ ಮಂದ ಟ್ರಾಕ್ಟರನ್ನು. ಅವತ್ತು ತನ್ನ ಕೈ ಸತ್ತಿದೆ ಎಂದು ಎದ್ದು ಹೋದವಳು ಇವತ್ತು ಮಶೀನು ಮೈಗಳ್ಳ ಎಂದು ಬೈದು ಎದ್ದು ಹೋಗಿದ್ದಳು.

"ಕಾಕಾ, ಮತ್ತ ಏರಸ್ತೀಯೇನ?" ಎಂದೆ.

ಕಾಕಾ ಪರದೆ ನೋಡುತ್ತ ಕೂತ. ಬೆರಳು ಕೀಲಿಗಳ ಮೇಲೆ ಇತ್ತು. ಒತ್ತಲಿಲ್ಲ. "ಇರಲಿ ಬಿಡ ತಂಗಿ" ಎಂದ. ಒಂದು ಯಂತ್ರವನ್ನು ಅವನು ಕಂಪನಿ ಸ್ಪೀಡಿಗೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಒಳಗಿನಿಂದ ತಪ್ ಎಂದು ಸದ್ದಾಯಿತು. ತಡೆದು ಇನ್ನೊಂದು. ಮತ್ತೆ ತಡೆದು ಮತ್ತೊಂದು. ಏನೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕಟ್ಟಿಗೆಯ ಹರಿವಾಣದಂಥ ಕೊಣಮಿಗೆಯಲ್ಲಿ ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ತಿರುವುತ್ತಿತ್ತು, ಬಲಗೈ ಬಡಿಯುತ್ತಿತ್ತು, ಲಯ ತಪ್ಪುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಕಾಕಾ ಕುರ್ಚಿಯಿಂದ ಏಳಲಿಲ್ಲ. ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದ:

"ಸಾವಕಾಶ ಬಡಿ ಲೇ. ಏನ್ ಅವಸರಿಲ್ಲ ನಮಗ."

ಒಳಗಿನ ಸದ್ದು ನಿಂತಿತು. ಮದುವೆಯಾದಂದಿನಿಂದ ಈ ಮನುಷ್ಯನ ಬಾಯಲ್ಲಿ ಕೇಳದಿದ್ದ ಮಾತು ಕೇಳಿ ಕಾಕಿಗೂ ಏನಾಯಿತೋ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಪ್ ಎಂದಿತು.