ಎರ್ರೆಪ್ಪನ ಕತ್ತಿಯ ಮೊಳೆ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಕಾಡಸಿದ್ದಪ್ಪನಿಗೆ ಒದಗಿದ ಆಪತ್ತು ಎಳ್ಳುಕಾಳಿಗಿಂತ ತುಸು ದೊಡ್ಡದು. ಯುದ್ಧದ ಕಾಲ. ಬೀಗ, ದೀಪಗಳನ್ನು ದುರಸ್ತಿ ಮಾಡುತ್ತಿದ್ದ ಅವನ ಬಳಿಗೆ ಸಿರುಗುಪ್ಪದ ಕ್ಷೌರಿಕ ಎರ್ರೆಪ್ಪ ತನ್ನ ತಾತನ ಕಾಲದ ಕ್ಷೌರದ ಕತ್ತಿಯೊಂದನ್ನು ತಂದ. ಅಲಗನ್ನು ಕೊಂಬಿನ ಹಿಡಿಗೆ ಸೇರಿಸುವ ಹಿತ್ತಾಳೆಯ ಮೊಳೆ ಸವೆದು, ಅಲಗು ಮುದುಕನ ಹಲ್ಲಿನಂತೆ ಅಲ್ಲಾಡುತ್ತಿತ್ತು.

“ಸಂಜಿ ಬಸ್ಸಿಗೆ ಹೋಗಾಕ ಬೇಕಣ್ಣ. ನಾಳೆ ಮುಂಜಾನೆ ಮದುಮಗನ ಗಡ್ಡ ಐತಿ.”

“ಅಷ್ಟರಾಗ ಕೊಡ್ಲಿಲ್ಲಂದ್ರ ಇದಾ ಕತ್ತೀಲೆ ನನ್ನ ಮೀಸಿ ಬೋಳ್ಸಲೇ!” ಎಂದು ಕಾಡಸಿದ್ದಪ್ಪ ಇಡೀ ಓಣಿಗೆ ಕೇಳುವಂತೆ ಪಣ ತೊಟ್ಟ.

ಮೊಳೆಯ ತಲೆಯನ್ನು ಅರದಿಂದ ಉಜ್ಜಿ, ಸಣ್ಣ ಉಳಿಯಿಂದ ತಟ್ಟಿ ಹೊರದಬ್ಬಿದ. ಅದರ ಎರಡು ತುದಿಗಳ ಪುಟ್ಟ ಬಿಲ್ಲೆಗಳು ಹಲಗೆಯ ಮೇಲೆ ಉದುರಿದವು. ಧೂಳು ಹೋಗಲೆಂದು ಉಫ್ ಎಂದು ಊದಿದ. ಬಿಲ್ಲೆಗಳು ಅಂಗಳಕ್ಕೆ ಹಾರಿದವು. ನೆರೆಮನೆಯ ಹಂಪಕ್ಕನ ಕೋಳಿ ಎರಡನ್ನೂ ನುಂಗಿತು. ಕೋಳಿಯ ಬಣ್ಣ ಕಪ್ಪೆಂದು ಸಿರುಗುಪ್ಪದವರೂ ಕೆಂಪೆಂದು ಕುರುಗೋಡಿನವರೂ ಹೇಳುತ್ತಾರೆ. ನುಂಗಿದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

“ಹಿಡೀರಿ! ಹೊಟ್ಟಿ ಕೊಯ್ಯೂನು!” ಎಂದು ಕಾಡಸಿದ್ದಪ್ಪ ಕೂಗಿದ.

“ಮುಟ್ಟಿ ನೋಡು!” ಹಂಪಕ್ಕ ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಒಳಗ ಹೋಗಿದ್ದು ಹೊರಗ ಬಂದಾ ಬರ್ತೈತಿ. ಕಾಯಿ.”

“ನನ್ನ ಮೀಸಿ ಕಾಯಂಗಿಲ್ಲವ್ವಾ!”

ಎದುರುಮನೆಯ ದೊಡ್ಡಬಸಪ್ಪ ಬಂದು ತಲೆಹಾಕಿದ: “ಕಬ್ಬಿಣದ್ದು ಬಡದು ಕಳಸಲೇ.”

“ದಿನಾ ನೀರಾಗ ಅದ್ದೂ ಕತ್ತಿ, ಯಜಮಾನ್ರ! ತುಕ್ಕು ಹಿಡಿದ್ರ ಮದುಮಗ ನನ್ನಾ ಬೋಳಸ್ತಾನ,” ಎಂದ ಎರ್ರೆಪ್ಪ.

ಪೇಟೆಯಲ್ಲಿ ಚೂರು ಹಿತ್ತಾಳೆಯೂ ಸಿಗದ ದಿನಗಳವು. ಬಿಸಿಲು ಇಳಿಯತೊಡಗಿತು. ಆಗ ಕಾಡಸಿದ್ದಪ್ಪನಿಗೆ ಹೊಳೆಯಿತು: ಮೂಗುತಿ! ಹೆಂಡತಿ ಜಡೆಮ್ಮ ಮೂಗು ಬಾತಿದೆಯೆಂದು ಅದನ್ನು ಬಿಚ್ಚಿ ಗೂಡಿನಲ್ಲಿಟ್ಟು, ತವರೂರು ಕುರುಗೋಡಿಗೆ ಹೋಗಿದ್ದಳು. ಬಂಗಾರದ್ದೆಂದು ಮದುವೆಯಲ್ಲಿ ಅವನು ಕೊಟ್ಟ ಆ ಮೂಗುತಿ ಅಪ್ಪಟ ಹಿತ್ತಾಳೆಯದು. ಗುಟ್ಟು ಬಲ್ಲವನು ತಾನೊಬ್ಬನೇ. ಕೋಳಿ ಬಿಲ್ಲೆಗಳನ್ನು ಹಿಂದಿರುಗಿಸಿದ ಮೇಲೆ ಅವುಗಳಿಂದ ಅಂಥದೇ ಇನ್ನೊಂದು ಮಾಡಿಟ್ಟರೆ ಕೇಳುವವರಾರು?

ಮೂಗುತಿಯ ಕಡ್ಡಿ ಮೊಳೆಯಾಯಿತು. ಹೂವಿನ ತಗಡನ್ನು ಕತ್ತರಿಸಿ, ತೂತು ಕೊರೆದು ಎರಡು ಬಿಲ್ಲೆ ಮಾಡಿದ. ಸುತ್ತಿಗೆ ತಾಗಿದ್ದೇ ತಡ, ಕಾಯಿಸದಿದ್ದರೂ ಮೊಳೆಯ ತಲೆ ಬೆಣ್ಣೆಯಂತೆ ಹರಡಿ ಬಿಲ್ಲೆಯ ಮೇಲೆ ಕುಳಿತಿತು.

“ಕೈ ಅಂದ್ರ ಇದು! ಹಿತ್ತಾಳಿ ಸುದ್ದಾ ನನ್ನ ಮಾತು ಕೇಳ್ತೈತಿ!”

ಎರ್ರೆಪ್ಪ ಕತ್ತಿ ಮಡಚಿದ, ಬಿಚ್ಚಿದ, ಕೈಮುಗಿದ, ಓಡಿದ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹೊಗೆ ಉಗುಳುತ್ತ ಸಿರುಗುಪ್ಪದ ದಾರಿ ಹಿಡಿಯಿತು. ಕಾಡಸಿದ್ದಪ್ಪ ಬೋಳಾಗದೆ ಉಳಿದ ಮೀಸೆಯನ್ನು ತಿರುವುತ್ತ ಮನೆಗೆ ಬಂದರೆ, ಗೂಡಿನ ಮುಂದೆ ಜಡೆಮ್ಮ!

“ಬಾವು ಇಳೀತು, ಬಂದ್ಬಿಟ್ಟೆ. ಮೂಗುತಿ ಎಲ್ಲೈತ್ರಿ?”

ಅವನು ಬೆವರಿದ, ಕೆಮ್ಮಿದ, ಕಡೆಗೆ ಬಾಯಿಬಿಟ್ಟ: “ಎರ್ರೆಪ್ಪನ ಕತ್ತಿಗೆ ಮೊಳಿ ಮಾಡಿ ಬಡದೆ. ಬೈಬ್ಯಾಡ… ಅದು ಹಿತ್ತಾಳೀದಾ ಇತ್ತು.”

ಜಡೆಮ್ಮ ಹಣೆ ಬಡಿದುಕೊಂಡಳು. “ನೀವು ಕೊಟ್ಟಿದ್ದು ಹಿತ್ತಾಳಿ ಅಂತ ಮೊದಲ್ನೇ ವರ್ಷಾನ ಗೊತ್ತಾಗಿತ್ತು, ಮೂಗು ಹಸರಾಗಿತ್ತು. ನಾಕು ಮಂದ್ಯಾಗ ನಿಮ್ಮ ಮಾನ ಹೋಗಬಾರದಂತ, ಅವ್ವ ಕೊಟ್ಟ ಬಂಗಾರದಾಗ ಅಂಥಾದ್ದಾ ಮಾಡಿಸಿ ಹಾಕ್ಕೊಂಡಿದ್ದೆನಲ್ರೀ!”

ಕಾಡಸಿದ್ದಪ್ಪ ಬೀದಿಗೆ ಹಾರಿದ. ಬಸ್ಸಿನ ಹೊಗೆಯೂ ಕರಗಿತ್ತು. ಎದುರಿಗೆ ಹಂಪಕ್ಕ, ಮುತ್ತುಗದ ಎಲೆಯೊಂದನ್ನು ಎತ್ತಿಹಿಡಿದು ಓಡಿಬರುತ್ತಿದ್ದಳು.

“ತಗೋ ಸಿದ್ದಪ್ಪಾ, ಎರಡೂ ಬಂದ್ವು! ನಿನ್ನ ಹಿತ್ತಾಳಿ ಎಲ್ಲಿಗೂ ಹೋಗಿಲ್ಲ!”