ಪಕ್ಕದ ಮನೆಯ ಹಗುರ ಬಕೆಟ್ಟು

ಒಬ್ಬಂಟಿ ಮನೆಯಲ್ಲೂ ನಗು ಬರಿಸುವ ಸಂಗತಿಗಳು ಹೇಳದೆ ಕೇಳದೆ ನಡೆಯುತ್ತಲೇ ಇರುತ್ತವೆ. ಹೆಂಡತಿ ತೀರಿಕೊಂಡ ವರ್ಷ ಚಳ್ಳಕೆರೆಯ ನಮ್ಮ ಮನೆಯಲ್ಲಿ ಅವೆಲ್ಲ ಕಸದ ಬಕೆಟ್ಟಿನ ಸುತ್ತಲೇ ನಡೆದವು.

ತಳ್ಳುಗಾಡಿ

ಊರಾಚೆಯ ಕಸದ ಗುಡ್ಡೆಗೆ ಕಸ ಒಯ್ಯುವ ತಳ್ಳುಗಾಡಿ ಬೆಳಿಗ್ಗೆ ನಮ್ಮ ಬೀದಿಗೆ ಬರುತ್ತಿತ್ತು. ಗಾಡಿಯಾಕೆ ಪ್ರತಿ ಬಕೆಟ್ಟನ್ನೂ ಕೈಯಲ್ಲೇ ತೂಗಿ ತೀರ್ಪು ಕೊಡುತ್ತಿದ್ದಳು.

"ಮೇಷ್ಟ್ರೇ, ಇರೋದು ಒಬ್ರು, ಕಸ ಇಷ್ಟು ಭಾರ ಐತೆ. ಪಕ್ಕದ ಮೆಕ್ಯಾನಿಕ್ ಮನೇಲಿ ಏಳು ಜನ, ಬಕೆಟ್ಟಿನ ತಳ ಕಾಣ್ತೈತೆ. ಅಮ್ಮಾರು ಇದ್ದಾಗ ಬೀದಿಗೆಲ್ಲ ನಿಮ್ದೇ ಹಗುರ ಇತ್ತು."

ಆ ಹೆಸರು ನನ್ನ ಹೆಂಡತಿ ಗಳಿಸಿದ್ದು. ಆರೇ ತಿಂಗಳಲ್ಲಿ ಅದು ಪಕ್ಕದ ಮನೆಯ ಪಾಲಾದದ್ದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಶಾಲೆಯ ಪ್ರಯೋಗಶಾಲೆಯಿಂದ ಸ್ಪ್ರಿಂಗ್ ತಕ್ಕಡಿ ತಂದು ದಿನವೂ ಬಕೆಟ್ಟು ತೂಗತೊಡಗಿದೆ. ಕಸ ಕಡಿಮೆಯಾಗಲಿಲ್ಲ. ಎಷ್ಟು ಕಡಿಮೆಯಾಗಲಿಲ್ಲ ಎಂಬುದು ಮಾತ್ರ ನಿಖರವಾಗಿ ತಿಳಿಯಿತು.

ಕೈಚೀಲ

ಪ್ಲಾಸ್ಟಿಕ್ ಕವರು ಮನೆಗೆ ತರಬಾರದೆಂದು ಹೆಂಡತಿಯ ಬಟ್ಟೆಯ ಕೈಚೀಲ ಹಿಡಿದು ಅಂಗಡಿಗೆ ಹೋದೆ. "ಕವರು ಬೇಡ, ಎಲ್ಲ ಇದರಲ್ಲೇ ಹಾಕು" ಎಂದೆ.

ಅಂಗಡಿಯವನು ಚೀಲ ಮುಟ್ಟಿ ನೋಡಿದ. "ಅಮ್ಮಾರ ಚೀಲ ಅಲ್ರೀ ಇದು? ಕೊಳೆಯಾಗ್ತೈತೆ" ಎಂದು ಬೇಳೆ, ಬೆಲ್ಲ ತುಂಬಿದ ಆ ಚೀಲವನ್ನೇ ದೊಡ್ಡದೊಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಂಟು ಹಾಕಿ ಕೊಟ್ಟ.

ಚಟ್ನಿ

ಹೆಂಡತಿ ಹೀರೇಕಾಯಿ ಸಿಪ್ಪೆಯನ್ನು ಬಿಸಾಡುತ್ತಿರಲಿಲ್ಲ, ಚಟ್ನಿ ಮಾಡುತ್ತಿದ್ದಳು. ನಾನೂ ಮಾಡಿದೆ. ಒಂದು ತುತ್ತು ತಿಂದೆ. ಸಿಪ್ಪೆಯಾಗಿದ್ದಾಗ ಇನ್ನೂರು ಗ್ರಾಂ ಇದ್ದದ್ದು, ಕಾಯಿ, ಕಡಲೆ ಸೇರಿ ಬಕೆಟ್ಟಿಗೆ ಬೀಳುವಾಗ ಅರ್ಧ ಕೆ.ಜಿ. ತೂಗಿತು.

ಗೋಡೆ

ಪಕ್ಕದ ಮನೆಯ ಏಳು ಜನ ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿನ್ನುತ್ತಾರೆಯೇ? ಇಲ್ಲ, ಎಲ್ಲೋ ಕದ್ದು ಸುರಿಯುತ್ತಾರೆ. ಅದನ್ನು ಕಣ್ಣಾರೆ ಹಿಡಿಯಬೇಕೆಂದು ಒಂದು ಬೆಳಿಗ್ಗೆ, ಬಕೆಟ್ಟು ತೂಗಿದವನೇ ತಕ್ಕಡಿ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಅಲ್ಲಿ, ಗೋಡೆಯ ಪಕ್ಕದಲ್ಲೇ, ಹೆಂಡತಿಯ ಗೊಬ್ಬರದ ಗುಂಡಿ. ಅವಳು ಹೋದ ಮೇಲೆ ಆ ಮೂಲೆಗೆ ನಾನು ಕಾಲಿಟ್ಟಿರಲಿಲ್ಲ. ಗೋಡೆಯಾಚೆ ಇಣುಕಲು ಕಲ್ಲು ಹತ್ತುವಷ್ಟರಲ್ಲಿ ಆ ಕಡೆಯಿಂದ ಒಂದು ಮೊರ ಈರುಳ್ಳಿ ಸಿಪ್ಪೆ ನನ್ನ ತಲೆಯ ಮೇಲೆ ಬಿತ್ತು.

ಹಿಂದೆಯೇ ಮೆಕ್ಯಾನಿಕ್‌ನ ಹೆಂಡತಿಯ ಮುಖ ಕಾಣಿಸಿತು. "ಯಾ ಅಲ್ಲಾ, ಮಾಸ್ಟರ್ ಸಾಬ್, ನೀವಾ?"

"ಇದು ನಮ್ಮ ಗುಂಡಿ" ಎಂದೆ. ಗುಂಡಿ ಅಂಚಿನವರೆಗೆ ತುಂಬಿತ್ತು. ಮೇಲೊಂದು ಕುಂಬಳದ ಬಳ್ಳಿ ಹೂ ಬಿಟ್ಟಿತ್ತು.

"ಗೊತ್ತೈತೆ. ಅಕ್ಕಾರೇ ಹಾಕಿ ಅಂದಿದ್ರು, ಗುಂಡಿ ಬರಿದಾಗಬಾರದು ಅಂತ. ಐದು ವರ್ಷ ಆಯ್ತು."

ಐದು ವರ್ಷ. ಗಂಡನಾದ ನನಗೆ ಗೊತ್ತಿಲ್ಲದ್ದು ಈಕೆಗೆ ಗೊತ್ತು. ಬಕೆಟ್ಟಿನ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ.

"ನನಗೆ ಯಾಕೆ ಹೇಳಲಿಲ್ಲ?"

ಆಕೆ ಸೆರಗು ಬಾಯಿಗೆ ಹಿಡಿದಳು. "ಅಕ್ಕಾರೇ ಬ್ಯಾಡ ಅಂದ್ರು. 'ನಮ್ಮ ಮೇಷ್ಟ್ರಿಗೆ ಹೇಳಬ್ಯಾಡವ್ವ, ತೂಗೋಕೆ ತಕ್ಕಡಿ ತಗೊಂಡು ಬಂದುಬಿಡ್ತಾರೆ' ಅಂತ."

ನಾನು ತಕ್ಕಡಿಯನ್ನು ಬೆನ್ನ ಹಿಂದೆ ಮರೆಮಾಡಿದೆ.